ಚಿನ್ನದ ಹುಳಕ್ಕೂ ವಿಷ ಬೇಕೆ?

ಎಲೆಯಲ್ಲಿ ನಾಲ್ಕು ತೂತು ಕಂಡರೆ ಸಾಕು, ಔಷಧಿ ಅಂಗಡಿ ಮೆಟ್ಟಿಲು ಹತ್ತುವುದು ನಮ್ಮ ರೋಗ. ಅದೀಗ ಹಳ್ಳಿಯಿಂದ ಪೇಟೆಗೂ ಅಂಟಿದೆ. ಕಳೆದ ಮಳೆಗಾಲದ ಕೊನೆಯಲ್ಲಿ ಶಿವಮೊಗ್ಗ ವಿನೋಬನಗರದ ನಮ್ಮ ಅತ್ತಿಗೆಯ ಫೋನು ಬಂತು. ಹಿತ್ತಿಲಲ್ಲಿ ಅವರು ಎರಡು ಸಾಲು ಗೆಣಸಿನ ಬಳ್ಳಿ ಬಿಟ್ಟಿದ್ದಾರೆ.

"ಬಳ್ಳಿಗೆ ಚಿನ್ನದ ಬಣ್ಣದ ಹುಳ ಬಂದಿದೆ ಮಾರಾಯ, ಎಲೆಯೆಲ್ಲ ಜರಡಿ. ಅಂಗಡಿಯವರು ಬಾಟ್ಲಿ ಕೊಟ್ಟಿದಾರೆ. ಹೊಡೀಲಾ?"

"ತಡೀರಿ ಅತ್ತಿಗೆ, ಮುಚ್ಚಳ ತೆಗೀಬೇಡಿ. ಯಾವ ಗಿಡ ಅಂತ ಅವರು ಕೇಳಿದ್ರಾ?"

"ಇಲ್ಲಪ್ಪ. ಬೆಂಕಿಪೆಟ್ಟಿಗೆ ತೆಗೆದು ನೋಡಿದ್ರು. ನಾನು ಹಾಕಿದ್ದು ಚಿನ್ನದ್ದು, ಅಲ್ಲಿ ತೆಗೆದಾಗ ಕಂದು ಹುಳ!"

ವಿಷಯ ಇರುವುದೇ ಇಲ್ಲಿ. ಆ ಹುಳ ಆಮೆದುಂಬಿ. ಅದರ ಹೊಳಪು ಜೀವ ಇರುವ ತನಕ ಮಾತ್ರ. ಮೈಮೇಲಿನ ಪಾರದರ್ಶಕ ಕವಚದ ಪದರಗಳಲ್ಲಿ ತೇವ ಇದ್ದಾಗ ಬೆಳಕು ಹಾಗೆ ಚಿನ್ನವಾಗಿ ಮಿನುಗುತ್ತದೆ. ಸತ್ತು ಒಣಗಿದರೆ ಚಿನ್ನ ಹೋಗಿ ಕಂದು ಉಳಿಯುತ್ತದೆ. ನಾವು ಸಣ್ಣವರಿದ್ದಾಗ ಬೆಂಕಿಪೆಟ್ಟಿಗೆಯಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆ ಹಾಗಲ್ಲ, ಸತ್ತ ಮೇಲೂ ಅದರ ಹಸಿರು ಹೊಳಪು ಹಾಗೇ ಇರುತ್ತದೆ. ಆದ್ದರಿಂದ ಬೆಂಕಿಪೆಟ್ಟಿಗೆ ನೋಡಿ ಹುಳ ಗುರುತಿಸುವ ಪದ್ಧತಿಯೇ ತಪ್ಪು ಅಂತ ನನ್ನ ವಾದ. ಗಿಡದ ಮೇಲೆ, ಬದುಕಿರುವಾಗ ನೋಡಬೇಕು. ಗಿಡ ಯಾವುದು ಅಂತ ಗೊತ್ತಾದರೆ ಹುಳದ ಹೆಸರು ಅರ್ಧ ಗೊತ್ತಾದ ಹಾಗೆ.

ನೋಡುವುದು ಕಷ್ಟವೂ ಅಲ್ಲ. ನಮ್ಮ ತೋಟ ಭದ್ರಾವತಿ ಹೊರಗೆ, ನಾಲೆ ಪಕ್ಕ. ಏರಿಯ ಮೇಲೆ, ಕೆರೆಯಂಚಿನಲ್ಲಿ ತಿಳಿನೇರಳೆ ಬಣ್ಣದ ಆಲಿಕೆಯಂಥ ಹೂ ಬಿಡುವ, ದನ ಮೂಸದ ಪೊದೆ ಇದೆಯಲ್ಲ, ಅದು ಗೆಣಸಿನ ದಾಯಾದಿ. ಬೇಲಿಗೆ ಹಬ್ಬುವ ಮಾರ್ನಿಂಗ್ ಗ್ಲೋರಿಯೂ ಅದೇ ಕುಲ. ಆಮೆದುಂಬಿ ಹುಡುಕುವುದಾದರೆ ಮೊದಲು ಅಲ್ಲಿ ಎಲೆ ಮಗುಚಿ. ಎಲೆಯ ನಡುವೆ ದುಂಡು ದುಂಡು ತೂತು ಇರುತ್ತದೆ. ಹುಳ ಒಂದು ಸೆಂಟಿಮೀಟರಿನ ಆಸುಪಾಸು. ಕವಚ ಸುತ್ತಲೂ ಚಾಚಿಕೊಂಡು, ಅಂಚು ಗಾಜಿನ ಹಾಗೆ, ಕೆಳಗಿನ ಎಲೆಯ ಹಸಿರೇ ಕಾಣುವಷ್ಟು ತೆಳು. ತಲೆ ಮೇಲಿಂದ ಕಾಣದು, ಮೀಸೆ ಮಾತ್ರ ಇಣುಕುತ್ತದೆ. ಕಡ್ಡಿಯಲ್ಲಿ ಮುಟ್ಟಿದರೆ ಕಾಲು ಒಳಗೆಳೆದು ಎಲೆಗೆ ಕಚ್ಚಿ ಕೂತುಬಿಡುತ್ತದೆ, ಥೇಟ್ ಆಮೆ.

ಇದರಲ್ಲೇ ಇನ್ನೊಂದು ಜಾತಿಗೆ ಮೈಮೇಲೆ ಕಪ್ಪು ಚುಕ್ಕಿ. ವಿಜ್ಞಾನಿಗಳು ಅದಕ್ಕೆ 1775ರಲ್ಲೇ ಹೆಸರಿಟ್ಟಿದ್ದಾರೆ, ಆಸ್ಪಿಡಿಮಾರ್ಫ ಮಿಲಿಯಾರಿಸ್ ಅಂತ. ಚುಕ್ಕಿ ನೋಡಿ ಗುಲಗಂಜಿ ಹುಳ ಅನ್ನುವವರಿದ್ದಾರೆ. ಹೇನು ತಿನ್ನುವ ಗುಲಗಂಜಿ ಹುಳ ಇದಕ್ಕಿಂತ ಬಹಳ ಸಣ್ಣದು, ಅದಕ್ಕೆ ಗಾಜಿನ ಅಂಚೂ ಇಲ್ಲ. ಬದನೆ ಎಲೆಯನ್ನು ಬಲೆಯ ಹಾಗೆ ಕೆರೆದು ಒಣಗಿಸುವ ಇಪ್ಪತ್ತೆಂಟು ಚುಕ್ಕಿಯ ಹುಳ ಬೇರೆಯೇ. ಅದರ ಮೈ ಮಂಕು, ಹತ್ತಿರದಿಂದ ನೋಡಿದರೆ ನವಿರು ರೋಮ ಕಾಣುತ್ತದೆ. ಮೂರಕ್ಕೂ ಚುಕ್ಕಿ ಇದೆ, ಮೂರರ ಕಸುಬೂ ಬೇರೆ. ಒಂದೇ ಬಾಟ್ಲಿ ಹೊಡೆದರೆ ಹೇನು ತಿನ್ನುವ ನಮ್ಮ ಆಳೂ ಸಾಯುತ್ತದೆ.

ಮರಿಹುಳ ನೋಡಿದರೆ ಮಾತ್ರ ಯಾರಿಗೂ ಸಂಶಯ ಉಳಿಯಲಿಕ್ಕಿಲ್ಲ. ಮೈ ಸುತ್ತ ಮುಳ್ಳು. ಬಾಲದ ಕವಲಿನಲ್ಲಿ ತನ್ನದೇ ಹಿಕ್ಕೆ, ಕಳಚಿದ ಪೊರೆ ಎಲ್ಲ ಸಿಕ್ಕಿಸಿಕೊಂಡು ಕೊಡೆ ಹಿಡಿದ ಹಾಗೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಇರುವೆ ಬಂದರೆ ಆ ಕೊಡೆಯನ್ನೇ ಅದರ ಮೂತಿಗೆ ಅಡ್ಡ ಹಿಡಿಯುತ್ತದೆ. ಅಸಹ್ಯ ಅನ್ನಿ, ಬುದ್ಧಿ ಅನ್ನಿ. ನಮ್ಮ ಮನೆ ಮಕ್ಕಳು ಒಂದು ಭಾನುವಾರ ಇಡೀ ಅದನ್ನೇ ನೋಡುತ್ತ ಕೂತಿದ್ದರು.

ಇನ್ನು ನಷ್ಟದ ಲೆಕ್ಕ. ಗೆಣಸಿನ ಬಳ್ಳಿ ಎಲೆಗೆ ಬಡವ ಅಲ್ಲ. ಒಂದಿಷ್ಟು ತೂತಾದರೆ ಗೆಡ್ಡೆ ಕಡಿಮೆ ಆಗುವುದಿಲ್ಲ. ಎಳೇ ಬಳ್ಳಿಗೆ ಹುಳ ವಿಪರೀತ ಬಂದರೆ ಮಾತ್ರ ಬೆಳಿಗ್ಗೆ ಹೋಗಿ ಕೈಯಲ್ಲಿ ಆರಿಸಿ ಸೋಪಿನ ನೀರಿಗೆ ಹಾಕಿದರಾಯಿತು, ಹಿತ್ತಿಲಿಗೆ ಅಷ್ಟೇ ಸಾಕು. ಇದರ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ, ಕಣ್ಣಿಗೆ ಬೀಳದಷ್ಟು ಸಣ್ಣ ಕಣಜಗಳಿವೆ. ವಿಷ ಬಿದ್ದರೆ ಮೊದಲು ಸಾಯುವುದು ಅವು.

ಗೆಣಸಿನ ನಿಜವಾದ ಕಳ್ಳ ನೆಲದೊಳಗೆ ಇದ್ದಾನೆ, ಗೆಡ್ಡೆ ಕೊರೆಯುವ ಮೂತಿಹುಳ. ಇರುವೆಯಂಥ ಮೈ, ನೀಲಿ ಕಪ್ಪು ಹೊಟ್ಟೆ, ಕೆಂಪು ಎದೆ. ನೆಲ ಬಿರುಕು ಬಿಟ್ಟರೆ ಅಲ್ಲಿಂದ ಇಳಿದು ಗೆಡ್ಡೆ ಸೇರುತ್ತದೆ. ಕೊರೆದ ಗೆಡ್ಡೆ ಕಹಿ, ಬೇಯಿಸಿ ದನಕ್ಕೆ ಹಾಕಲಿಕ್ಕೂ ಬಾರದು. ಶುದ್ಧ ಬಳ್ಳಿ ನೆಡುವುದು, ಬುಡಕ್ಕೆ ಮಣ್ಣೇರಿಸಿ ಬಿರುಕು ಮುಚ್ಚುವುದು, ಬೆಳೆದ ಗೆಡ್ಡೆಯನ್ನು ಹೊಲದಲ್ಲಿ ಬಿಡದೆ ಕೀಳುವುದು, ಮೋಹಕ ಬಲೆ ಕಟ್ಟುವುದು ಇದಕ್ಕೆ ದಾರಿ. ಎಲೆ ಮೇಲೆ ಚಿನ್ನದ ಹಾಗೆ ಮಿನುಗುವವನಿಗೆ ವಿಷ ಹೊಡೆದು ನೆಲದೊಳಗಿನವನನ್ನು ಬಿಟ್ಟರೆ ಯಾರಿಗೆ ಲಾಭ? ಅಂಗಡಿಗೆ.

ಹಾಗಂತ ಆಮೆದುಂಬಿಗಳೆಲ್ಲ ಸಾಧು ಅಂತ ನಾನು ಹೇಳುತ್ತಿಲ್ಲ. ಶಿವನೆ ಮರ ನೆಟ್ಟವರು ಎಚ್ಚರ ಇರಬೇಕು. ಅದಕ್ಕೆ ಬರುವ ಆಮೆದುಂಬಿಯ ಬೆನ್ನು ಒರಟು, ಹೊಳೆವ ನೀಲಿ, ಎದೆ ಹಳದಿಗೆಂಪು. ಒಂದೇ ಜಾತಿಯ ಮರ ಒತ್ತಾಗಿ ನೆಟ್ಟಲ್ಲಿ ಮರಿ ದೊಡ್ಡವು ಸೇರಿ ಇಡೀ ತೋಪನ್ನು ಬೋಳು ಮಾಡಬಲ್ಲವು. ಭತ್ತದ ಗರಿ ಕೆರೆದು ಬಿಳಿ ಗೆರೆ ಎಳೆಯುವ ಹಿಸ್ಪಾ ಮುಳ್ಳುಹುಳವೂ ಇದೇ ಬಳಗ. ಸಮರೇಂದ್ರ ಮೌಲಿಕ್ ಎಂಬ ಕೀಟತಜ್ಞರು 1919ರಲ್ಲಿ ಈ ಎರಡು ಗುಂಪಿನ ಬಗ್ಗೆಯೇ ಒಂದು ದಪ್ಪ ಸಂಪುಟ ಬರೆದಿದ್ದಾರೆ. ಇಂಗ್ಲಿಷಿನಲ್ಲಿ. ನೂರು ವರ್ಷ ದಾಟಿದರೂ ನಮ್ಮ ಅಂಗಡಿ ಗೋಡೆಯ ಕನ್ನಡ ಪೋಸ್ಟರಿನಲ್ಲಿ ಕಾಣುವುದು ಬಾಟ್ಲಿಯ ಚಿತ್ರ, ಹುಳದ್ದಲ್ಲ.

ಮೊನೊಕ್ರೋಟೋಫಾಸನ್ನು ತರಕಾರಿಗೆ ಹೊಡೆಯಬಾರದು ಅಂತ 2005ರಲ್ಲಿ, ಎಂಡೋಸಲ್ಫಾನ್ ಬೇಡವೇ ಬೇಡ ಅಂತ 2011ರಲ್ಲಿ ಸರಕಾರ, ಕೋರ್ಟು ಹೇಳಬೇಕಾಯಿತು. ಅಷ್ಟರೊಳಗೆ ಎಷ್ಟು ಹಿತ್ತಿಲಿಗೆ ಅವು ಬಿದ್ದಿದ್ದವೋ. ಮಾರುವವರು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಲಿ: ಯಾವ ಗಿಡ, ಎಲೆಯ ಯಾವ ಬದಿ? ಕೇಳದಿದ್ದರೆ ನಾವೇ ಬಾಟ್ಲಿ ವಾಪಸು ಇಟ್ಟು ಬರೋಣ. ತೂತಾದ ಎಲೆ ಸಮೇತ ಜೀವಂತ ಹುಳವನ್ನು ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಹಾಕಿ, ಗಿಡದ ಮೇಲಿರುವಾಗಲೇ ಮೊಬೈಲಿನಲ್ಲಿ ಫೋಟೋ ಹೊಡೆದು ನವುಲೆಯ ಕೃಷಿ ಕಾಲೇಜಿಗೆ ಒಯ್ದರೆ ತೋರಿಸಿಕೊಡುವ ಜನ ಅಲ್ಲಿದ್ದಾರೆ. ಭದ್ರಾವತಿಯಿಂದ ಒಂದು ಬಸ್ಸಿನ ದಾರಿ.

ಪತ್ರಿಕೆಯವರಲ್ಲೂ ಒಂದು ಬೇಡಿಕೆ. ಬೆಳೆ ತಿನ್ನುವ ಹುಳದ ಚಿತ್ರ ಬೇಕಾದಷ್ಟು ಬಂದಿದೆ. ಏನೂ ಮಾಡದೆ ಸುಮ್ಮನೆ ಬದುಕುವ ಹುಳಗಳಿಗೂ ತಿಂಗಳಿಗೆ ಅರ್ಧ ಪುಟ ಕೊಡಿ. ಊರೂರಿನಲ್ಲಿ ಅವಕ್ಕೆ ಕರೆಯುವ ಹೆಸರನ್ನು ಓದುಗರೇ ಬರೆದು ಕಳಿಸಲಿ.