ಆರೋಪಿಯ ಸ್ಥಾನದಲ್ಲಿ ತಾಯಿ

ಗರ್ಭಿಣಿಯರು ಟೈಲೆನಾಲ್ ಮಾತ್ರೆಯನ್ನು ನುಂಗದೆ ಆದಷ್ಟೂ ಸಹಿಸಿಕೊಳ್ಳಬೇಕು, ನುಂಗಿದರೆ ಮಗುವಿಗೆ ಆಟಿಸಂ ಬರುವ ಸಂಭವವುಂಟು ಎಂಬರ್ಥದ ಮಾತನ್ನು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಶ್ವೇತಭವನದಿಂದಲೇ ಆಡಿದಾಗ, ಅಂಥ ಮಕ್ಕಳ ತಾಯಂದಿರೆಷ್ಟೋ ಮಂದಿ ತಮ್ಮ ಬಸುರಿನ ದಿನಗಳನ್ನು ನೆನೆನೆನೆದು, ಎಂದೋ ನುಂಗಿದ ಮಾತ್ರೆಯಲ್ಲಿ ತಮ್ಮ ಅಪರಾಧವನ್ನು ಅರಸತೊಡಗಿದ್ದರೆ ಆಶ್ಚರ್ಯವಿಲ್ಲ. ಟೈಲೆನಾಲ್ ಎಂಬುದು ನಮ್ಮ ಮನೆಮನೆಯಲ್ಲಿರುವ ಪ್ಯಾರಾಸಿಟಮಾಲೇ. ಸ್ವೀಡನ್ನಿನ ಸುಮಾರು 25 ಲಕ್ಷ ಮಕ್ಕಳ ದಾಖಲೆಗಳನ್ನಾಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವು, ಒಡಹುಟ್ಟಿದವರನ್ನೇ ಪರಸ್ಪರ ಹೋಲಿಸಿ ನೋಡಿದಾಗ ಬಸುರಿನಲ್ಲಿ ನುಂಗಿದ ಆ ಮಾತ್ರೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲವೆಂದು ಹೇಳಿತ್ತು. ಆದರೂ ಆ ಮಾತು ಅಷ್ಟು ನಿಶ್ಚಯದಿಂದ ಹೊರಟಿತು.

ಈ ದೋಷಾರೋಪಣೆ ಹೊಸದಲ್ಲ. 1943ರಲ್ಲಿ ಹನ್ನೊಂದು ಮಕ್ಕಳ ಆಟಿಸಂ ಸ್ಥಿತಿಯನ್ನು ವರ್ಣಿಸಿದ ಮನೋವೈದ್ಯ ಲಿಯೋ ಕ್ಯಾನರ್, ಆ ಮಕ್ಕಳ ತಂದೆತಾಯಿಗಳಲ್ಲಿ ಮಮತೆಯ ಕೊರತೆಯನ್ನು ಗುರುತಿಸಿದ್ದರು; ಮನಶ್ಶಾಸ್ತ್ರಜ್ಞರೆನಿಸಿದ್ದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ತಾಯಿಯ ನಿರಾಕರಣೆಯೇ ರೋಗದ ಮೂಲವೆಂಬ ಭಾವನೆಗೆ ಪಾಂಡಿತ್ಯದ ಮುದ್ರೆಯನ್ನೊತ್ತಿದರು. ಸ್ವತಃ ಅಂಥ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿಯೇ ಈ ವಾದವನ್ನು ಖಂಡಿಸಿದ್ದರು. 1977ರ ಅವಳಿ ಮಕ್ಕಳ ಅಧ್ಯಯನವು ಆನುವಂಶಿಕತೆಯ ಪಾತ್ರವನ್ನು ತೋರಿಸಿತು. ಆ ವೇಳೆಗೆ ಒಂದು ತಲೆಮಾರಿನ ತಾಯಂದಿರು ತಮ್ಮ ಪ್ರೀತಿಯನ್ನೇ ಶಂಕಿಸುತ್ತ ಬದುಕಿದ್ದರು.

ನಮ್ಮಲ್ಲಿ ಇಷ್ಟು ಪಾಂಡಿತ್ಯವೂ ಬೇಕಿಲ್ಲ. ಛತ್ರದಲ್ಲಿ ಗಟ್ಟಿಮೇಳ ಮೊಳಗಿದೊಡನೆ ಕಿವಿಮುಚ್ಚಿಕೊಂಡು ಚೀರುವ ಹುಡುಗನನ್ನು ಎತ್ತಿಕೊಂಡು ತಾಯಿ ಹೊರಗೋಡುವಾಗ, "ಮೊಬೈಲ್ ಕೊಟ್ಟು ಕೂರಿಸಿದ್ದರ ಫಲ", "ಗ್ರಹಣದಲ್ಲಿ ಹೊರಗೆ ಬಂದಿದ್ದಳಂತೆ", "ಕೆಲಸಕ್ಕೆ ಹೋಗುವವಳಲ್ಲವೆ" ಎಂಬ ತೀರ್ಪುಗಳು ಊಟದ ಪಂಕ್ತಿಯಲ್ಲೇ ಹೊರಬೀಳುತ್ತವೆ. ಪಕ್ಕದಲ್ಲೇ ಕುಳಿತ ತಂದೆಯನ್ನು ಯಾರೂ ಏನನ್ನೂ ಕೇಳರು.

ಹಾಗಾದರೆ ಕಾರಣವನ್ನು ಅರಸುವುದೇ ತಪ್ಪೆ? ಅಲ್ಲ, ವಿಜ್ಞಾನವು ಅದನ್ನು ಅರಸಲೇಬೇಕು. ಆದರೆ ಸಮಾಜವು ಅರಸುವುದು ಕಾರಣವನ್ನಲ್ಲ, ಅಪರಾಧಿಯನ್ನು. ಅಪರಾಧಿ ದೊರೆತೊಡನೆ ಶಾಲೆ, ಸರಕಾರ, ಬಂಧುವರ್ಗಗಳೆಲ್ಲವೂ ತಂತಮ್ಮ ಹೊಣೆಯಿಂದ ಮುಕ್ತವಾಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಂ ಅನ್ನು ಅಂಗವೈಕಲ್ಯವೆಂದು ಪರಿಗಣಿಸಿ, ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಆದರೆ "ತರಗತಿಯಲ್ಲಿ ಮಗುವಿನ ಜೊತೆ ಕೂರುವ ಶ್ಯಾಡೋ ಟೀಚರನ್ನು ನೀವೇ ಗೊತ್ತುಮಾಡಿ, ಇಲ್ಲವೆ ನೀವೇ ಬಂದು ಕುಳಿತುಕೊಳ್ಳಿ" ಎನ್ನುವ ಶಾಲೆಯೆದುರು ನೌಕರಿಯನ್ನು ಬಿಡುವವಳು ತಾಯಿಯೇ. ಆಕೆಗೆ ನಮ್ಮ ಅನುಕಂಪವಾಗಲಿ, ಸಹನಾಮೂರ್ತಿಯೆಂಬ ಬಿರುದಾಗಲಿ ಬೇಕಿಲ್ಲ. ತರಬೇತಾದ ಉಪಾಧ್ಯಾಯರು, ತಾಲ್ಲೂಕು ಆಸ್ಪತ್ರೆಯಲ್ಲಿ ಥೆರಪಿ, ಸಂಜೆಯ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವ ಬಂಧುಗಳು ಬೇಕು. ಇವನ್ನು ಒದಗಿಸಲೊಲ್ಲದವರಿಗೆ ಆಕೆಯ ಬಸುರಿನ ದಿನಗಳನ್ನು ವಿಚಾರಣೆಗೆಳೆಯುವ ಅಧಿಕಾರವಿಲ್ಲ.