ಗೃಹಸ್ಥರೊಡನೆ ನಾಲ್ಕು ಮಾತು: ಹಳೆಯ ಮೋಟಾರ್‌ಹೋಮ್

ಅಮೆರಿಕದಲ್ಲಿ ನಿವೃತ್ತರಾದ ತಮ್ಮ ಅಣ್ಣನವರು ಕೂಡಿಟ್ಟ ಹಣದಿಂದ ಹಳೆಯ ಮೋಟಾರ್‌ಹೋಮೊಂದನ್ನು ಕೊಳ್ಳಲು ಹವಣಿಸುತ್ತಿರುವರೆಂದು ಸೋದರಿಯೊಬ್ಬರು ಚಿಂತೆಯಿಂದ ಬರೆದಿರುವರು.

ಒಲೆ, ಹಾಸಿಗೆ, ಸ್ನಾನಗೃಹಗಳನ್ನೊಳಗೊಂಡು ತಾನೇ ಚಲಿಸುವ ಮನೆಯಿದು. ಕೊಳ್ಳತಕ್ಕವರು ಒಳಗಣ ಅಲಂಕಾರಕ್ಕೆ ಮರುಳಾಗಬಾರದು. ಮೊದಲು ಛಾವಣಿಯನ್ನು ನೋಡಬೇಕು. ಸಂದುಗಳಲ್ಲಿ ನೀರು ಸೋರಿದ್ದರೆ ಗೋಡೆಯೊಳಗಣ ಮರವು ಕಾಣದಂತೆ ಕೊಳೆತಿರುವುದು. ಮೂಲೆಗಳನ್ನು ಒತ್ತಿದಾಗ ಮೆತ್ತಗಾದರೆ ಬೇರೆ ಸಾಕ್ಷಿ ಬೇಡ. ಬಳಿಕ ಟೈರು. ನಿಂತೇ ಇದ್ದ ಗಾಡಿಯ ಟೈರು ಸವೆಯದೆಯೇ ಮುಪ್ಪಾಗುವುದು. ಅದರ ಪಕ್ಕದಲ್ಲಿ ಅಚ್ಚಾದ ಸಂಕೇತದ ಕೊನೆಯ 4 ಅಂಕಿಗಳು ತಯಾರಾದ ಕಾಲವನ್ನು ಹೇಳುವುವು. 2318 ಎಂದರೆ 2018ರ 23ನೆಯ ವಾರ.

ದೊಡ್ಡ ಗಾಡಿಯನ್ನು ಬೀಡಿನಲ್ಲಿ ನಿಲ್ಲಿಸಿ ಪೇಟೆಗೆ ಹೋಗಿಬರಲು, ಹಿಂದೆ ಕಾರೊಂದನ್ನು ಕಟ್ಟಿಕೊಂಡು ಹೋಗುವುದು ಅಲ್ಲಿನ ವಾಡಿಕೆ. ಎಲ್ಲ ಕಾರುಗಳೂ ಇದಕ್ಕೆ ಒದಗವು. ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನು ತಿರುಗದಿದ್ದರೆ ಗೇರುಪೆಟ್ಟಿಗೆಯಲ್ಲಿ ಎಣ್ಣೆ ಹರಿಯದು; ನಾಲ್ಕು ಚಕ್ರಗಳೂ ನೆಲದಲ್ಲುರುಳುವಂತೆ ಎಳೆದರೆ ಪೆಟ್ಟಿಗೆಯು ಕಾದು ಕೆಡುವುದು. ಜೀಪ್ ರ‍್ಯಾಂಗ್ಲರಿನಲ್ಲಿ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲಿಗೆ ತಂದು ಚಕ್ರಗಳನ್ನು ಗೇರುಪೆಟ್ಟಿಗೆಯಿಂದ ಬೇರ್ಪಡಿಸಬಹುದಾದುದರಿಂದ ಹಲವರು ಅದನ್ನು ಮೆಚ್ಚುವರು. ಆದರೂ ಆಯಾ ವರ್ಷದ ಕಾರಿನ ಕೈಪಿಡಿಯೇ ಪ್ರಮಾಣ. ಕಾರಿನ ತೂಕವು ಎಳೆಯುವ ಕೊಕ್ಕೆಯ ಮಿತಿಯನ್ನು ಮೀರಕೂಡದು. ಎಳೆಯಲ್ಪಡುವ ಕಾರಿಗೂ ಬ್ರೇಕಿನ ಏರ್ಪಾಡು ಇರತಕ್ಕದ್ದು. ಇಲ್ಲದಿದ್ದರೆ ಇಳಿಜಾರಿನಲ್ಲಿ ಎರಡರ ಭಾರವೂ ಮುಂದಿನ ಗಾಡಿಯ ಬ್ರೇಕಿನ ಮೇಲೆಯೇ ಬೀಳುವುದು.

ಸೋದರಿಯವರು ಅಣ್ಣನವರ ಉತ್ಸಾಹಕ್ಕೆ ಅಡ್ಡಬರಬೇಕಾದುದಿಲ್ಲ. ಮುಂಗಡ ಕೊಡುವ ಮುನ್ನ ಬಲ್ಲ ಮೆಕ್ಯಾನಿಕ್ಕನೊಬ್ಬನನ್ನು ಕರೆದೊಯ್ಯುವಂತೆಯೂ, ಸಾಧ್ಯವಾದರೆ ಮಳೆ ನಿಂತ ಮಾರನೆಯ ದಿನವೇ ಗಾಡಿಯನ್ನು ನೋಡುವಂತೆಯೂ ಬರೆದರೆ ಸಾಕು.