ಜಿಲ್ಲಾ ಪಂಚಾಯಿತಿ ಚುನಾವಣೆ: ನೆಪ ಸಾಕು

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯದಾಗಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಅಲ್ಲಿಂದಾಚೆಗೆ 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಜನ ಸಾಲುಗಟ್ಟಿ ನಿಂತು ಮತ ಹಾಕಿದ್ದಾರೆ. ಅದೇ ಮತದಾರರನ್ನು ಅದೇ ಮತಗಟ್ಟೆಗೆ ಕರೆದು, ನಿಮ್ಮ ಜಿಲ್ಲೆಯ ಆಡಳಿತಕ್ಕೆ ಪ್ರತಿನಿಧಿಗಳನ್ನು ಆರಿಸಿಕೊಳ್ಳಿ ಎನ್ನುವುದು ಮಾತ್ರ ಸರ್ಕಾರಕ್ಕೆ ಬೇಕಾಗಲಿಲ್ಲ.

ನೆಪಗಳಿಗೇನೂ ಬರವಿರಲಿಲ್ಲ. 2021ರಲ್ಲಿ ಬಿಜೆಪಿ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಪ್ರತ್ಯೇಕ ಆಯೋಗದ ಕೈಗಿತ್ತಿತು. ಆಮೇಲೆ ಗಡುವು ವಿಸ್ತರಣೆ, ಮೀಸಲಾತಿ ಪಟ್ಟಿ, ಹೈಕೋರ್ಟಿನಲ್ಲಿ ವಾಯಿದೆ. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರವೂ ಅದೇ ಜಾಡು ಹಿಡಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಮರುವಿಂಗಡಣೆ ಬಾಕಿ ಇದೆಯೆಂದು ಚುನಾವಣೆ ಮುಂದೂಡುವಂತಿಲ್ಲ ಎಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಎರಡೂ ಪಕ್ಷಗಳು ಇಲ್ಲಿ ಸಮಾನ ತಪ್ಪಿತಸ್ಥರು.

ಚುನಾವಣೆ ಮುಂದೂಡಿದ್ದರ ನೇರ ಪೆಟ್ಟು ಬಿದ್ದಿರುವುದು ಗ್ರಾಮಸಭೆಗೆ. ಶಾಲೆಯ ಜಗಲಿಯಲ್ಲೋ ಶಾಮಿಯಾನದ ಕೆಳಗೋ ಜನ ಸೇರುತ್ತಾರೆ. ಚರ್ಚೆ ಶುರುವಾಗುವ ಮೊದಲೇ ಸಹಿ ಪುಸ್ತಕ ಕೈಯಿಂದ ಕೈಗೆ ದಾಟಿರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ನಮ್ಮ ಕೇರಿಗೆ ನೀರಿನ ಪೈಪು ಇನ್ನೂ ಯಾಕೆ ಬಂದಿಲ್ಲ ಎಂದು ಹಿಂದೆ ನಿಂತ ಮಹಿಳೆಯೊಬ್ಬರು ಕೇಳಿದರೆ, ‘ಮೇಲಕ್ಕೆ ಬರೆದಿದ್ದೇವಮ್ಮ’ ಎಂಬ ಉತ್ತರ ಬರುತ್ತದೆ. ಆ ಮೇಲಿನವರು ಚುನಾಯಿತರ ಜಾಗದಲ್ಲಿ ಸರ್ಕಾರ ಕೂರಿಸಿದ ಆಡಳಿತಾಧಿಕಾರಿಗಳು. ಅವರು ಈಕೆಯ ಮತ ಕೇಳಿ ಬಂದವರಲ್ಲ, ಮುಂದೆ ಕೇಳಬೇಕಾದವರೂ ಅಲ್ಲ. ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಚುನಾಯಿತರೇ ಇರಬೇಕೆಂಬುದು ಸಂವಿಧಾನದ ಮಾತು. ಜಿಲ್ಲಾ ಪಂಚಾಯಿತಿಯ ಕುರ್ಚಿಗಳೇ ಖಾಲಿ ಬಿದ್ದಿರುವಾಗ ಅಲ್ಲಿ ಹಳ್ಳಿಯ ಪರ ಕೂರುವವರು ಯಾರು? ಕಾಮಗಾರಿ ಹಂಚಿಕೆಯ ಹಿಡಿತ ಶಾಸಕರ ಕೈಯಲ್ಲೇ ಉಳಿಯಲಿ ಎಂಬ ಲೆಕ್ಕಾಚಾರ ಇದೆ ಎಂಬ ಗುಮಾನಿಗೆ ಸರ್ಕಾರವೇ ದಾರಿ ಮಾಡಿಕೊಟ್ಟಿದೆ.

ಜನತಾ ದರ್ಶನ ನಡೆಸಿ ಅಹವಾಲು ಸ್ವೀಕರಿಸಿದರೆ ಜನರನ್ನು ಆಡಳಿತದಲ್ಲಿ ತೊಡಗಿಸಿಕೊಂಡಂತೆ ಎಂದು ಆಳುವವರು ಭಾವಿಸಿದ್ದಾರೆ. ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರು ಬೇಡಲು ಬಂದವರು. ಗ್ರಾಮಸಭೆಯಲ್ಲಿ ಕೈ ಎತ್ತುವವರು ತೀರ್ಮಾನಿಸಲು ಬಂದವರು. ಮೊದಲನೆಯದನ್ನು ಬೆಳೆಸಿ ಎರಡನೆಯದನ್ನು ಸೊರಗಿಸಿದ್ದು ಅಕ್ಷಮ್ಯ. ಅದೂ ಈ ರಾಜ್ಯದಲ್ಲಿ! ರಾಮಕೃಷ್ಣ ಹೆಗಡೆ ಸರ್ಕಾರ ಮತ್ತು ಅದರ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲೇ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಿತ್ತು. ಮಹಿಳೆಯರಿಗೆ ಶೇ 25ರಷ್ಟು ಮೀಸಲಾತಿ ಆಗಲೇ ಇತ್ತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಅದಾಗಿ ಆರು ವರ್ಷಕ್ಕೆ.

ಆಡಳಿತಾಧಿಕಾರಿಗಳ ಅವಧಿಯನ್ನು ಇನ್ನೊಂದು ದಿನವೂ ವಿಸ್ತರಿಸಕೂಡದು. ಚುನಾವಣಾ ವೇಳಾಪಟ್ಟಿ ಹೊರಬೀಳಬೇಕು, ವಿಂಗಡಣೆಯ ಅಧಿಕಾರ ಚುನಾವಣಾ ಆಯೋಗಕ್ಕೆ ಮರಳಬೇಕು. ಗ್ರಾಮಸಭೆಯ ಪ್ರತಿ ನಿರ್ಣಯಕ್ಕೂ ಮೇಲಿನ ಹಂತ ಗೊತ್ತಾದ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು, ಕೊಡದ ಅಧಿಕಾರಿ ದಂಡ ತೆರಬೇಕು ಎಂಬುದನ್ನು ಕಾಯ್ದೆಯಲ್ಲೇ ಸೇರಿಸಬೇಕು.